ಮೂಗಿಗಿಂತ ಮೂಗುತಿ ಭಾರ: ಫಾರಿನ್ ಕಾರಿನ ಹೆಸರಲ್ಲಿ ನಮ್ಮ ಹುಡುಗರಿಗೆ ಪಂಗನಾಮ!

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಬೆಂಗಳೂರಿಗೆ ಹೋಗಿ ದುಡಿಯುತ್ತಿರುವ ಹುಡುಗರೇ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಕನ್ನಡದ ತರುಣರೇ, ಈ ಪುಟ ಓದಿ ಮುಗಿಸುವ ತನಕ ಜೇಬಿನ ಮೇಲೆ ಕೈ ಇಟ್ಟುಕೊಂಡಿರಿ. ಯಾಕೆಂದರೆ ಆ ಜೇಬಿನ ಮೇಲೆ ಕಣ್ಣು ಹಾಕಿದವರು ನಮ್ಮ ಊರುಗಳಲ್ಲಿ ಓಡಾಡುತ್ತಿದ್ದಾರೆ.

"ಜಪಾನಿನಲ್ಲಿ ನಾಲ್ಕೈದು ಲಕ್ಷಕ್ಕೆ ಹೊಸದರಂಥ ಕಾರು ಸಿಗುತ್ತೆ. ದುಬೈನಲ್ಲಿ ಬಿಟ್ಟು ಹೋದ ಕಾರುಗಳು ಧೂಳು ತಿಂತಾ ನಿಂತಿವೆ. ಹಡಗಿಗೆ ಹಾಕಿಸಿ ತಂದರೆ ಅರ್ಧ ರೇಟು. ಎಲ್ಲಾ ಲೀಗಲ್ಲು, ಗೌರ್ಮೆಂಟೇ ಪರ್ಮಿಷನ್ ಕೊಟ್ಟಿದೆ." ಈ ಮಾತು ಟೀ ಅಂಗಡಿಯಲ್ಲಿ ಕೇಳುತ್ತೀರಿ, ಮಾಲೂರಿನಿಂದ ಹೊರಡುವ ಬೆಳಗಿನ ರೈಲಿನಲ್ಲಿ ಕೇಳುತ್ತೀರಿ, ಗಲ್ಫಿನಲ್ಲಿರುವ ಭಾವಮೈದುನನ ಫೋನಿನಲ್ಲೂ ಕೇಳುತ್ತೀರಿ. ಇದರಲ್ಲಿ ಒಂದೇ ಒಂದು ಮಾತು ನಿಜ. ಗೌರ್ಮೆಂಟು ಪರ್ಮಿಷನ್ ಕೊಟ್ಟಿರುವುದು ನಿಜ. ಆದರೆ ಆ ಪರ್ಮಿಷನ್ ಎಂಥದ್ದು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಅದನ್ನು ಹೇಳುವುದಕ್ಕೇ ಈ ಬರಹ.

ಬಾಗಿಲು ತೆರೆದಿದೆ ಎಂದು ಬೋರ್ಡು ಹಾಕಿ ಬಾಗಿಲ ಹಿಂದೆ ಗೋಡೆ ಕಟ್ಟಿದ್ದಾರೆ. ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಬಾಗಿಲಿನ ಹೆಸರೇ ಇಟ್ಟುಕೊಂಡ ಸೀಮೆಯವರು ನಾವು. ನಮಗೇ ಗೋಡೆಯನ್ನು ಬಾಗಿಲೆಂದು ತೋರಿಸಿ ದುಡ್ಡು ಕೀಳುತ್ತಿದ್ದಾರೆ!

ಐದು ಲಕ್ಷದ ಕಾರು ಇಪ್ಪತ್ಮೂರು ಲಕ್ಷ ಆಗುವ ಲೆಕ್ಕ

ಮಾತು ಬೇಡ, ಮೊದಲು ಲೆಕ್ಕ ಮಾಡೋಣ. ನಾನು ಪಿಯುಸಿ ಓದಿದವನು. ನನ್ನ ಪ್ರೆಸ್ಸಿನಲ್ಲಿ ಮದುವೆ ಕಾರ್ಡಿಗೆ ಕೊಟೇಶನ್ ಬರೆಯುವಷ್ಟು ಗಣಿತ ಬಂದರೆ ಈ ಲೆಕ್ಕಕ್ಕೂ ಸಾಕು.

ಜಪಾನಿನಲ್ಲಿ ಒಂದು ಹಳೆ ಕಾರಿನ ಬೆಲೆ 5 ಲಕ್ಷ ಎಂದು ಇಟ್ಟುಕೊಳ್ಳಿ. ಹಡಗಿನ ಬಾಡಿಗೆ, ಇನ್ಶೂರೆನ್ಸು ಸೇರಿ 1 ಲಕ್ಷ ಅನ್ನಿ. ನಮ್ಮ ಬಂದರಿಗೆ ಬಂದು ನಿಂತಾಗ ಕಾರಿನ ಮೌಲ್ಯ 6 ಲಕ್ಷ.

ಹಳೆ ಕಾರಿನ ಮೇಲೆ ಕಸ್ಟಮ್ಸಿನವರು ಹಾಕುವುದು, ಸುಂಕ ಮತ್ತು ಸೆಸ್ಸು ಎಲ್ಲಾ ಸೇರಿ, ಶೇಕಡ 137.5. ನೂರು ರೂಪಾಯಿಯ ವಸ್ತುವಿಗೆ ನೂರಾ ಮೂವತ್ತೇಳೂವರೆ ರೂಪಾಯಿ ತೆರಿಗೆ. ಆರು ಲಕ್ಷಕ್ಕೆ ಅದು 8 ಲಕ್ಷದ 25 ಸಾವಿರ. ಅಲ್ಲಿಗೆ ಕಾರು 14 ಲಕ್ಷದ 25 ಸಾವಿರ.

ಮುಗಿಯಿತು ಅಂದುಕೊಂಡಿರಾ? ಈ ಒಟ್ಟು ಮೊತ್ತದ ಮೇಲೆ, ಅಂದರೆ ತೆರಿಗೆಯ ಮೇಲೂ ಸೇರಿಸಿ, ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿಗೆ ಶೇಕಡ 40. ಅದು 5 ಲಕ್ಷದ 70 ಸಾವಿರ. ಕಾರು ಈಗ 19 ಲಕ್ಷದ 95 ಸಾವಿರ.

ಇನ್ನು ನಮ್ಮ ರಾಜ್ಯದ ಪಾಲು. ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷದ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ ಶೇಕಡ 17. ಇಪ್ಪತ್ತು ಲಕ್ಷ ದಾಟಿದರೆ 18. ಹದಿನೇಳರ ಲೆಕ್ಕದಲ್ಲೇ 3 ಲಕ್ಷದ 39 ಸಾವಿರ, ಅದರ ಮೇಲೆ ಸೆಸ್ಸು ಬೇರೆ.

ಕೂಡಿಸಿ ನೋಡಿ. 23 ಲಕ್ಷದ 34 ಸಾವಿರ!

ಇದರಲ್ಲಿ ಕ್ಲಿಯರಿಂಗ್ ಏಜೆಂಟನ ಫೀಸಿಲ್ಲ. ಕಾರು ಬಂದರಿನಲ್ಲಿ ನಿಂತಷ್ಟು ದಿನದ ಬಾಡಿಗೆಯಿಲ್ಲ. ಟೆಸ್ಟಿಂಗ್ ಖರ್ಚಿಲ್ಲ. ಬಂದರಿನಿಂದ ಕೋಲಾರಕ್ಕೆ ಲಾರಿ ಬಾಡಿಗೆಯಿಲ್ಲ. ನಿಮ್ಮದು ನಾಲ್ಕು ಮೀಟರಿನೊಳಗಿನ, 1200 ಸಿಸಿ ಒಳಗಿನ ಸಣ್ಣ ಪೆಟ್ರೋಲ್ ಕಾರಾದರೆ ಜಿಎಸ್‌ಟಿ ಶೇಕಡ 18ಕ್ಕೆ ಇಳಿಯುತ್ತದೆ. ಆಗಲೂ ಮನೆ ಬಾಗಿಲಿಗೆ ಬರುವಾಗ ಹತ್ತೊಂಬತ್ತೂವರೆ ಲಕ್ಷ ದಾಟಿರುತ್ತದೆ. ಅದೇ ದುಡ್ಡಿಗೆ ಕೋಲಾರದ ಶೋರೂಮಿನಲ್ಲಿ ಎರಡು ಸಣ್ಣ ಕಾರು ಹೊಸದಾಗಿ ತಂದು, ಮಿಕ್ಕ ದುಡ್ಡಲ್ಲಿ ಮನೆ ಮುಂದೆ ಶೆಡ್ಡೂ ಹಾಕಿಸಬಹುದು.

ಇನ್ನೊಂದು ಕುಣಿಕೆ ಇದೆ. "ನಾನು ಐದೇ ಲಕ್ಷಕ್ಕೆ ತಗೊಂಡಿದ್ದು, ಬಿಲ್ ನೋಡಿ" ಎಂದು ನೀವು ರಸೀದಿ ಹಿಡಿದರೆ ಕಸ್ಟಮ್ಸಿನವರು ಸುಮ್ಮನೆ ಒಪ್ಪಬೇಕೆಂದೇನೂ ಇಲ್ಲ. ಆ ಮಾಡೆಲ್ ಹೊಸದಾಗಿದ್ದಾಗ ಎಷ್ಟಿತ್ತು ಎಂದು ತೆಗೆದು, ವಯಸ್ಸಿಗೆ ತಕ್ಕಷ್ಟು ಕಳೆದು, ತಾವೇ ಬೆಲೆ ಕಟ್ಟಬಹುದು. ನೀವು ಚೌಕಾಸಿ ಮಾಡಿ ಉಳಿಸಿದ್ದು ಅಲ್ಲಿ ಕರಗಿಹೋಗುತ್ತದೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ!

ರೈತನ ಹೆಸರಿನ ಸೆಸ್ಸು, ದೆಹಲಿಯ ಗಲ್ಲಾ

ಈ 137.5ರಲ್ಲಿ ಒಂದು ಕೈಚಳಕ ಅಡಗಿದೆ. ಕನ್ನಡಿಗರು ಇದನ್ನು ಗಮನಿಸಲೇಬೇಕು. 2025ರ ಬಜೆಟ್ಟಿನ ತನಕ ಹಳೆ ಕಾರಿನ ಮೂಲ ಸುಂಕ ಶೇಕಡ 125 ಇತ್ತು, ಅದರ ಮೇಲೆ ಹನ್ನೆರಡೂವರೆ ಸರ್‌ಚಾರ್ಜು. ಆ ಬಜೆಟ್ಟಿನಲ್ಲಿ ಮೂಲ ಸುಂಕವನ್ನು 70ಕ್ಕೆ ಇಳಿಸಿದರು. "ಅಬ್ಬಾ, ಸುಂಕ ಇಳೀತು!" ಎಂದು ದಲ್ಲಾಳಿಗಳು ಡಂಗುರ ಹೊಡೆದರು. ಇಳಿಸಿದ ಕೈಯಲ್ಲೇ 67.5 ಸೆಸ್ಸು ಹಾಕಿದರು. ಎಪ್ಪತ್ತು ಮತ್ತು ಅರವತ್ತೇಳೂವರೆ ಕೂಡಿಸಿ. ಅದೇ ನೂರಾ ಮೂವತ್ತೇಳೂವರೆ! ಒಂದು ಪೈಸೆ ಇಳಿಯಲಿಲ್ಲ.

ಹಾಗಾದರೆ ಈ ಆಟ ಯಾಕೆ? ಮೂಲ ಸುಂಕದ ಹಣದಲ್ಲಿ ರಾಜ್ಯಗಳಿಗೆ ಪಾಲು ಇದೆ. ಸೆಸ್ಸಿನ ಹಣದಲ್ಲಿ ಪಾಲು ಇಲ್ಲ, ಅದು ಪೂರ್ತಿ ಕೇಂದ್ರದ ಗಲ್ಲಾಕ್ಕೆ. ಅಂದರೆ ಹಂಚಿ ತಿನ್ನಬೇಕಾದ 125 ಈಗ 70ಕ್ಕೆ ಇಳಿಯಿತು, ಮಿಕ್ಕದ್ದು ದೆಹಲಿಗೇ ಉಳಿಯಿತು. ಈ ಸೆಸ್ಸಿನ ಹೆಸರು ಕೇಳಿ: ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ಸು! 2025ರ ಜೂನ್ ತಿಂಗಳಲ್ಲಿ ಶ್ರೀನಿವಾಸಪುರದ ತೋತಾಪುರಿ ಮಾವನ್ನು ಚಿತ್ತೂರು ಜಿಲ್ಲೆಯೊಳಕ್ಕೆ ಬಿಡದೆ ಗಡಿಯಲ್ಲಿ ತಡೆದಾಗ, ಬೆಲೆ ಬಿದ್ದು ರೈತರು ರಸ್ತೆಗೆ ಇಳಿದಾಗ, ರೈತನ ಹೆಸರಿನಲ್ಲಿ ಎತ್ತಿದ ಈ ಸೆಸ್ಸು ಎಲ್ಲಿತ್ತು? ಕೇಳುವವರು ಬೇಡವೇ?

ವಯಸ್ಸು, ಸ್ಟೇರಿಂಗು, ಬಂದರು: ಮೂರು ಉರುಳು

ದುಡ್ಡಿದೆ, ಕೊಡುತ್ತೇವೆ ಅನ್ನುವವರೂ ಇದ್ದಾರೆ. ಒಪ್ಪಿದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೇಟೊ ಬಾಕ್ಸು 2000 ರೂಪಾಯಿ ದಾಟಿತ್ತು. ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಗೆ ಜಮೀನು ಹೋದವರ ಕೈಗೆ ಪರಿಹಾರ ಬಂದಿದೆ. ಒಂದೇ ಸಲ ದುಡ್ಡು ಕಂಡ ಮನೆಯ ಹುಡುಗರಿಗೆ ಕಾರಿನ ಆಸೆ ಹುಟ್ಟುವುದು ತಪ್ಪಲ್ಲ. ಆದರೆ ದುಡ್ಡಿದ್ದರೂ ಸಾಲದು, ಕಾನೂನಿನ ಉರುಳು ಮೂರಿವೆ.

ಒಂದು, ವಯಸ್ಸು. ತಯಾರಾದ ದಿನದಿಂದ ಮೂರು ವರ್ಷ ದಾಟಿದ ಕಾರನ್ನು ತರುವಂತಿಲ್ಲ. ಜಪಾನಿನಲ್ಲಿ ಅಗ್ಗವಾಗಿ ಸಿಗುತ್ತವೆ ಎಂದು ಮೊಬೈಲಿನಲ್ಲಿ ತೋರಿಸುವ ಕಾರುಗಳೆಲ್ಲ ಎಂಟು, ಹತ್ತು, ಹನ್ನೆರಡು ವರ್ಷದವು. ಅವು ಅಗ್ಗ ಯಾಕೆಂದರೆ ಅಲ್ಲಿ ಅವುಗಳ ಆಯಸ್ಸು ಮುಗಿಯುತ್ತಾ ಬಂದಿದೆ. ಅವಕ್ಕೆ ನಮ್ಮ ದೇಶದಲ್ಲಿ ಪ್ರವೇಶವೇ ಇಲ್ಲ. ಮೂರು ವರ್ಷದೊಳಗಿನ ಕಾರು ಯಾವ ದೇಶದಲ್ಲೂ ಅಗ್ಗ ಇರುವುದಿಲ್ಲ. ಹೊಸಾ ಕಾರು ಬಿಟ್ಟರೆ ಅರ್ಧ ಶತಮಾನ ದಾಟಿದ ವಿಂಟೇಜ್ ಕಾರಿಗೆ ಬೇರೆ ನಿಯಮ ಇದೆ. ಮೊಮ್ಮಗನ ಕಾರು ತರಬಹುದು, ಮುತ್ತಜ್ಜನ ಕಾರು ತರಬಹುದು, ನಿಮ್ಮ ಓರಗೆಯ ಕಾರು ಮಾತ್ರ ತರುವಂತಿಲ್ಲ!

ಎರಡು, ಸ್ಟೇರಿಂಗು. ಅದು ಬಲಗಡೆ ಇರಬೇಕು. ಸ್ಪೀಡಾಮೀಟರು ಕಿಲೋಮೀಟರಿನಲ್ಲಿ ಇರಬೇಕು. ಹೆಡ್‌ಲೈಟು ಎಡಗಡೆ ಓಡಿಸುವ ರಸ್ತೆಗೆ ಹೊಂದಬೇಕು. ದುಬೈ, ಮಸ್ಕತ್, ಕುವೈತ್, ಸೌದಿ, ಅಮೆರಿಕ, ಜರ್ಮನಿ, ಎಲ್ಲಾ ಕಡೆ ಗಾಡಿ ಓಡಿಸುವುದು ರಸ್ತೆಯ ಬಲಕ್ಕೆ, ಸ್ಟೇರಿಂಗು ಎಡಕ್ಕೆ. ಅಲ್ಲಿಗೆ ಗಲ್ಫಿನ ಕನಸು ಚೂರುಚೂರು. ಉಳಿದದ್ದು ಜಪಾನು, ಇಂಗ್ಲೆಂಡು, ಆಸ್ಟ್ರೇಲಿಯಾ, ಸಿಂಗಪುರದಂಥ ಕೆಲವೇ ದೇಶ. ದುಬೈನಲ್ಲಿ ಧೂಳು ತಿನ್ನುತ್ತಿರುವ ಕಾರಿನ ಕತೆ ಹೇಳುವವನಿಗೆ ಇದೊಂದೇ ಪ್ರಶ್ನೆ ಹಾಕಿ: "ಅಣ್ಣಾ, ಸ್ಟೇರಿಂಗು ಯಾವ ಕಡೆ ಐತೆ?" ಆಮೇಲೆ ಅವನ ಮುಖ ನೋಡಿ.

ಮೂರು, ಬಂದರು. ಹಳೆ ಕಾರು ಇಳಿಯಬೇಕಾದದ್ದು ಮುಂಬಯಿ ಬಂದರಿನಲ್ಲಿ ಮಾತ್ರ. ಕೋಲಾರದಿಂದ ಚೆನ್ನೈ ಬಂದರು ಮುನ್ನೂರು ಕಿಲೋಮೀಟರಿನೊಳಗಿದೆ, ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ಸು ಬರಬಹುದು. ಶ್ರೀಪೆರಂಬದೂರಿನ ಹುಂಡೈ ಕಾರುಗಳು ಅದೇ ಚೆನ್ನೈ ಬಂದರಿನಿಂದ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತವೆ. ನಮ್ಮದೇ ಮಂಗಳೂರಿನಲ್ಲೂ ದೊಡ್ಡ ಬಂದರಿದೆ. ಆದರೂ ನಿಮ್ಮ ಹಳೆ ಕಾರು ಸಾವಿರ ಕಿಲೋಮೀಟರ್ ಆಚೆಯ ಮುಂಬಯಿಯಲ್ಲೇ ಇಳಿಯಬೇಕು. ಇದಕ್ಕೆ ತಾಂತ್ರಿಕ ಕಾರಣ ಏನು? ಏನೂ ಇಲ್ಲ. ತೊಂದರೆ ಕೊಡುವುದೇ ಕಾರಣ.

ಈ ಮೂರೂ ದಾಟಿದಿರಿ ಅನ್ನಿ. ಹಡಗು ಹತ್ತುವ ಮೊದಲು ಪರದೇಶದಲ್ಲೇ ಒಂದು ಪರೀಕ್ಷೆ ಮಾಡಿಸಿ ಸರ್ಟಿಫಿಕೇಟು ತರಬೇಕು. ಮುಂಬಯಿಯಲ್ಲಿ ಇಳಿದ ಮೇಲೆ ಇನ್ನೊಂದು ಪರೀಕ್ಷೆ. ಎಲ್ಲಿ? ಪುಣೆಯ ಎಆರ್‌ಎಐ, ಇಲ್ಲವೇ ಅಹಿಲ್ಯಾನಗರ ಎಂದು ಹೆಸರು ಬದಲಾದ ಅಹ್ಮದ್‌ನಗರದ ಸೇನಾ ವಾಹನ ಸಂಶೋಧನಾ ಕೇಂದ್ರ, ಇಲ್ಲವೇ ಮಧ್ಯಪ್ರದೇಶದ ಬುದ್ನಿಯ ಟ್ರ್ಯಾಕ್ಟರ್ ಟೆಸ್ಟಿಂಗ್ ಸಂಸ್ಥೆಯಂಥ ಕಡೆ. ಆಮದಾದ ದಿನದಿಂದ ಕನಿಷ್ಠ ಐದು ವರ್ಷ ಕಾರು ಓಡುತ್ತದೆ, ಅಷ್ಟೂ ದಿನ ಭಾರತದಲ್ಲೇ ಸರ್ವೀಸು ಸಿಗುತ್ತದೆ ಎಂದು ಬರೆದುಕೊಡಬೇಕು. ಇಲ್ಲಿ ಮಾರಾಟವೇ ಆಗದ ಮಾಡೆಲಿಗೆ ಯಾರು ಸರ್ವೀಸು ಕೊಡುತ್ತಾರೆ? ಮುಳಬಾಗಿಲಿನ ಮೆಕ್ಯಾನಿಕ್ಕಿನ ಹೆಸರು ಬರೆಯೋಣವೇ?

"ನಾನು ಪರದೇಶದಲ್ಲಿ ದುಡಿದು ಊರಿಗೆ ಖಾಯಂ ವಾಪಸ್ಸು ಬರ್ತಾ ಇದ್ದೀನಿ, ನನ್ನ ಸಾಮಾನಿನ ಜೊತೆ ಕಾರೂ ಬರಲಿ" ಅನ್ನುವವರಿದ್ದಾರೆ. 1962ರ ಕಸ್ಟಮ್ಸ್ ಕಾಯಿದೆಯಲ್ಲೇ 'ಬ್ಯಾಗೇಜು' ಎಂಬ ಪದಕ್ಕೆ ಅರ್ಥ ಕೊಡುವಾಗ ಮೋಟಾರು ವಾಹನ ಅದರಲ್ಲಿ ಸೇರುವುದಿಲ್ಲ ಎಂದು ಬರೆದಿದೆ. ಟಿವಿ, ಫ್ರಿಜ್ಜಿನ ರಿಯಾಯಿತಿ ಕಾರಿಗಿಲ್ಲ. ಮಂಗಳೂರು, ಕಾಸರಗೋಡು ಕಡೆ ಗಲ್ಫ್ ನಂಬರಿನ ಕಾರು ನೋಡಿದ್ದೀವಲ್ಲ ಎಂದರೆ, ಅವು 'ಕಾರ್ನೆ' ಎಂಬ ಪರವಾನಗಿಯಲ್ಲಿ ಆರು ತಿಂಗಳಿಗೆ ಬಂದು ಹೋಗುವ ನೆಂಟರು. ಗಡುವು ಮುಗಿದ ಮೇಲೆ ಹಡಗು ಹತ್ತಲೇಬೇಕು.

ಅಚ್ಚಿನ ಮೆಷಿನ್ನಿಗೆ ಒಂದು ನ್ಯಾಯ, ಕಾರಿಗೆ ಒಂದು ನ್ಯಾಯ

ಹಳೆಯ ಪರದೇಶಿ ಯಂತ್ರ ತರುವುದೇ ತಪ್ಪು ಎಂದು ಸರ್ಕಾರ ನಂಬಿದೆಯೇ? ಇಲ್ಲ. ನನ್ನ ಕಸುಬಿನದೇ ಉದಾಹರಣೆ ಕೊಡುತ್ತೇನೆ. ನನ್ನ ಪ್ರೆಸ್ಸಿನಲ್ಲಿ ಓಡುತ್ತಿರುವುದು ಚೆಕೊಸ್ಲೊವಾಕಿಯಾದಲ್ಲಿ ತಯಾರಾದ ಹಳೆ ಡಾಮಿನೆಂಟ್ ಆಫ್‌ಸೆಟ್ ಮೆಷಿನ್ನು. ಅದು ತಯಾರಾದ ದೇಶವೇ ಈಗ ಇಲ್ಲ, ಎರಡು ಹೋಳಾಗಿದೆ, ಮೆಷಿನ್ನು ಮಾತ್ರ ದಿನಾ ಓಡುತ್ತಿದೆ! ಶಿವಕಾಶಿಯಿಂದ ಬೆಂಗಳೂರಿನ ತನಕ ಎಷ್ಟೋ ಪ್ರೆಸ್ಸುಗಳು ನಿಂತಿರುವುದು ಜರ್ಮನಿ, ಜಪಾನಿನಿಂದ ಬಂದ ಹಳೆ ಹೈಡೆಲ್‌ಬರ್ಗ್, ಕೊಮೊರಿ ಮೆಷಿನ್ನುಗಳ ಮೇಲೆ. ಇಪ್ಪತ್ತು ವರ್ಷದ ಮೆಷಿನ್ನಾದರೂ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟು ಹಿಡಿದು ಚೆನ್ನೈ ಬಂದರಿನಲ್ಲೇ ಇಳಿಸಬಹುದು. ಮೂಲ ಸುಂಕ ಶೇಕಡ ಹತ್ತನ್ನೂ ಮುಟ್ಟುವುದಿಲ್ಲ.

ಈ ಕಸುಬು ನನಗೆ ಕಲಿಸಿದ ಪಾಠ ಒಂದಿದೆ. ಯಂತ್ರ ಎಷ್ಟು ಒಳ್ಳೆಯದೋ ಅದರ ಸ್ಪೇರು ಅಷ್ಟು ಹತ್ತಿರ ಇರಬೇಕು. ಡಾಮಿನೆಂಟ್ ಬದುಕಿರುವುದು ಚೆಕ್ಕಿನವರ ದಯೆಯಿಂದಲ್ಲ. ಅದರ ಗೇರು, ರೋಲರು, ಗ್ರಿಪ್ಪರು ಶಿವಕಾಶಿಯಲ್ಲಿ ಸಿಗುತ್ತವೆ, ರಿಪೇರಿ ಗೊತ್ತಿರುವ ಮೇಸ್ತ್ರಿ ಒಂದು ರಾತ್ರಿ ಬಸ್ಸಿನ ದೂರದಲ್ಲಿದ್ದಾನೆ, ಅದಕ್ಕೆ. ನಿಮ್ಮ ಜಪಾನ್ ಕಾರಿನ ಒಂದು ಬಂಪರು ಒಡೆದರೆ ಎಲ್ಲಿ ಹುಡುಕುತ್ತೀರಿ? ಒಂದು ಸೆನ್ಸಾರು ಕೆಟ್ಟರೆ ಯಾರಿಗೆ ಫೋನು ಮಾಡುತ್ತೀರಿ? ಇನ್ಶೂರೆನ್ಸ್ ಕಂಪನಿಯವನು ಯಾವ ರೇಟಿನಲ್ಲಿ ಕ್ಲೇಮು ಕೊಡುತ್ತಾನೆ? ತರುವ ತನಕ ಒಂದು ಖರ್ಚು, ತಂದ ಮೇಲೆ ಸಾಕುವುದು ಇನ್ನೊಂದು ಖರ್ಚು. ಬಿಳಿ ಆನೆ ಕಟ್ಟಿದವನಿಗೆ ಆನೆಯ ಬೆಲೆಗಿಂತ ಮೇವಿನ ಬೆಲೆ ಕಾಡುತ್ತದೆ.

ಗೋಡೆ ಕಟ್ಟಿದ್ದು ಯಾವಾಗ?

ಇದಕ್ಕೊಂದು ಇತಿಹಾಸವಿದೆ, ಚಿಕ್ಕದಾಗಿ ಹೇಳುತ್ತೇನೆ. ಮೊದಲು ಹಳೆ ಕಾರನ್ನು ಲೈಸೆನ್ಸ್ ಇಲ್ಲದೆ ತರುವಂತಿರಲಿಲ್ಲ. ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ಮೇಲೆ ದೂರು ಕೊಟ್ಟು ಗೆದ್ದಿತು. 2001ರ ಏಪ್ರಿಲ್ 1ರಿಂದ ಆಮದಿನ ಮೇಲಿದ್ದ ಆ ತಡೆಗಳನ್ನೆಲ್ಲ ತೆಗೆಯಲೇಬೇಕಾಯಿತು. ಹಳೆ ಕಾರುಗಳ ಮಹಾಪೂರ ಬಂದು ನಮ್ಮ ಕಾರ್ಖಾನೆಗಳು ಮುಳುಗುತ್ತವೆ ಎಂಬ ಹೆದರಿಕೆ ಹುಟ್ಟಿತು. ಹಣಕಾಸು ಸಚಿವ ಯಶವಂತ ಸಿನ್ಹಾ ಆ ವರ್ಷದ ಬಜೆಟ್ಟಿನಲ್ಲೇ ಹಳೆ ಕಾರಿನ ಮೂಲ ಸುಂಕವನ್ನು ಶೇಕಡ 105ಕ್ಕೆ ಏರಿಸಿದರು. ಜೊತೆಗೆ ಮೂರು ವರ್ಷದ ಷರತ್ತು, ಬಲ ಸ್ಟೇರಿಂಗಿನ ಷರತ್ತು, ಮುಂಬಯಿ ಬಂದರಿನ ಷರತ್ತು ಬಂದವು. ಜಗತ್ತಿಗೆ ತೋರಿಸಲು ಬಾಗಿಲು, ಒಳಗೆ ಗೋಡೆ. ನಿಷೇಧ ಎಂಬ ಪದ ಬಳಸದೆ ನಿಷೇಧ ಮಾಡಿದ ಜಾಣತನ ಇದು.

ಆ ಜಾಣತನದ ಫಲ ಉಂಡವರು ಯಾರು? ಇಬ್ಬರು. ಒಬ್ಬ ದುಡ್ಡಿರುವ ಕಳ್ಳ, ಇನ್ನೊಬ್ಬ ಬಾಯಿರುವ ದಲ್ಲಾಳಿ.

ಕಳ್ಳನ ಕತೆ ನೋಡಿ. 2025ರ ಸೆಪ್ಟೆಂಬರ್ 23ರಂದು ಕೇರಳದಲ್ಲಿ ಕಸ್ಟಮ್ಸಿನವರು 'ಆಪರೇಷನ್ ನುಮ್‌ಖೋರ್' ಎಂಬ ದಾಳಿ ನಡೆಸಿದರು. ಭೂತಾನಿನ ಹಳೆ ಕಾರುಗಳನ್ನು ಗಡಿ ದಾಟಿಸಿ, ಸುಳ್ಳು ದಾಖಲೆ ಸೃಷ್ಟಿಸಿ, ಹಿಮಾಚಲದಂಥ ದೂರದ ರಾಜ್ಯಗಳಲ್ಲಿ ನೋಂದಣಿ ಮಾಡಿಸಿ, ಕೇರಳದಲ್ಲಿ ಮಾರಿದ್ದಾರೆ ಎಂಬುದು ಆರೋಪ. ಮೊದಲ ದಿನಗಳಲ್ಲೇ ಮೂವತ್ತಕ್ಕೂ ಹೆಚ್ಚು ಗಾಡಿ ಜಪ್ತಿಯಾದವು. ಗಮನಿಸಿ, ಜಪ್ತಿಯಾದದ್ದು ಕದ್ದು ತಂದವನ ಅಂಗಳದಿಂದಲ್ಲ, ಕೊಂಡವನ ಅಂಗಳದಿಂದ. ಕಸ್ಟಮ್ಸ್ ಕಾಯಿದೆಯ 111ನೇ ಕಲಮಿನಲ್ಲಿ ಕಳ್ಳಸಾಗಣೆಯ ವಸ್ತುವನ್ನೇ ಮುಟ್ಟುಗೋಲು ಹಾಕುವ ಅಧಿಕಾರವಿದೆ. "ನನಗೆ ಗೊತ್ತಿರಲಿಲ್ಲ ಸಾರ್" ಅಂದರೆ ಕಾರು ವಾಪಸ್ಸು ಬರುವುದಿಲ್ಲ.

ದುಡ್ಡಿರುವವನಿಗೆ ಸಿಕ್ಕಿಬಿದ್ದರೂ ದಾರಿಯಿದೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯನ್ನು ಆರ್‌ಟಿಒ ಹಿಡಿದಾಗ ಮಾಲೀಕರು ಸುಮಾರು 1 ಕೋಟಿ 41 ಲಕ್ಷ ತೆರಿಗೆ ಮತ್ತು ದಂಡ ಕಟ್ಟಿದರು. ನೀವು ಅಷ್ಟು ಕಟ್ಟಬಲ್ಲಿರಾ? ಮತ್ತೊಂದು ತಮಾಷೆ ಕೇಳಿ. 2025ರ ಜುಲೈ 24ರಂದು ಬ್ರಿಟನ್ನಿನ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ, ಗೊತ್ತುಪಡಿಸಿದ ಸಂಖ್ಯೆಯೊಳಗೆ, ಅಲ್ಲಿನ ಕಾರುಗಳ ಸುಂಕವನ್ನು ಹಂತಹಂತವಾಗಿ ಶೇಕಡ 10ಕ್ಕೆ ಇಳಿಸಲು ಒಪ್ಪಿದ್ದಾರೆ. ಕೋಟಿಯ ಕಾರಿನವನಿಗೆ ಹತ್ತು, ಐದು ಲಕ್ಷದ ಹಳೆ ಕಾರಿನವನಿಗೆ ನೂರಾ ಮೂವತ್ತೇಳೂವರೆ!

ನಮ್ಮ ನುಡಿಯಲ್ಲಿಲ್ಲದ ಕಾನೂನು, ದಲ್ಲಾಳಿಯ ಅನ್ನ

ಈಗ ಬಾಯಿರುವ ದಲ್ಲಾಳಿಯ ಕತೆಗೆ ಬರೋಣ. ಒಬ್ಬ ಮಹಾಶಯ ನನ್ನ ಪ್ರೆಸ್ಸಿಗೆ ಬಂದು ಕರಪತ್ರ ಅಚ್ಚು ಮಾಡಿಕೊಡಿ ಅಂದ. "ಜಪಾನ್ ಕಾರು ಅರ್ಧ ಬೆಲೆಗೆ! ಮುಂಗಡ 50,000 ಮಾತ್ರ! ಸರ್ಕಾರಿ ಮಾನ್ಯತೆ!" ಐದು ಸಾವಿರ ಪ್ರತಿ ಬೇಕು, ಮಾಲೂರು, ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ ಹಂಚಬೇಕು ಅಂದ. ನಾನು ಕೇಳಿದ್ದು ಮೂರೇ ಪ್ರಶ್ನೆ. ಇಲ್ಲಿಯವರೆಗೆ ತಂದ ಒಂದು ಕಾರಿನ ಬಿಲ್ ಆಫ್ ಎಂಟ್ರಿ ಇದೆಯೇ? ಟೆಸ್ಟಿಂಗ್ ಸರ್ಟಿಫಿಕೇಟು ಇದೆಯೇ? ಕೆಎ-07 ನಂಬರು ಬಿದ್ದ ಒಂದು ಕಾರು ತೋರಿಸುತ್ತೀರಾ?

"ಅದೆಲ್ಲಾ ಇಂಗ್ಲಿಷಲ್ಲಿ ಇರ್ತದೆ ಬಿಡಿ ಸಾರ್, ನಿಮಗ್ಯಾಕೆ?" ಅಂದ.

ನೋಡಿದಿರಾ? ಇಡೀ ವ್ಯವಹಾರದ ಗುಟ್ಟು ಆ ಒಂದು ಮಾತಿನಲ್ಲಿದೆ. "ಇಂಗ್ಲಿಷಲ್ಲಿ ಇರ್ತದೆ, ನಿಮಗ್ಯಾಕೆ?" ಅವನ ಕರಪತ್ರ ನನ್ನ ಮೆಷಿನ್ನಿನ ಮೇಲೆ ಹತ್ತಲಿಲ್ಲ, ಬೇರೆ ಮಾತು. ಇನ್ನೊಂದು ಪ್ರೆಸ್ಸಿನಲ್ಲಿ ಹತ್ತಿರಬಹುದು.

ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ನಿಯಮ ಇಂಗ್ಲಿಷಿನಲ್ಲಿದೆ, ಹಿಂದಿಯಲ್ಲಿದೆ. ಕಸ್ಟಮ್ಸಿನ ಅಧಿಸೂಚನೆ ಇಂಗ್ಲಿಷಿನಲ್ಲಿದೆ, ಹಿಂದಿಯಲ್ಲಿದೆ. ಕನ್ನಡ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿದೆ, ಆದರೆ ಕನ್ನಡಿಗನ ಜೇಬು ಕತ್ತರಿಸುವ ಕಾಗದದಲ್ಲಿ ಇಲ್ಲ! ಕನ್ನಡದ ಬೋರ್ಡಿಗಾಗಿ ಹೋರಾಡುತ್ತೀವಿ, ಸರಿ. ಆದರೆ ತೆರಿಗೆಯ ಕಾಗದ ಕನ್ನಡದಲ್ಲಿ ಇರಲಿ ಎಂದು ಯಾವತ್ತಾದರೂ ಕೇಳಿದ್ದೇವಾ? ಮೂರು ವರ್ಷದ ಷರತ್ತು, ಬಲಗಡೆ ಸ್ಟೇರಿಂಗು, ಮುಂಬಯಿ ಬಂದರು, 137.5 ಸುಂಕ. ಈ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಕೋಲಾರದ ಆರ್‌ಟಿಒ ಕಚೇರಿಯ ಗೋಡೆಗೆ ಅಂಟಿಸಿದರೆ ಅರ್ಧ ದಲ್ಲಾಳಿಗಳು ಆ ವಾರವೇ ಊರು ಬಿಡುತ್ತಾರೆ. ನಾಲ್ಕೇ ಸಾಲು! ಅದಕ್ಕೂ ನಮ್ಮ ಸರ್ಕಾರಕ್ಕೆ ಮಸಿ ಇಲ್ಲವೇ? ಇಲ್ಲದಿದ್ದರೆ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ.

ಹಾಗಾದರೆ ಬಾಗಿಲು ಪೂರ್ತಿ ತೆಗೆಯಬೇಕೇ?

ಬೇಡ. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. "ಸುಂಕ ಇಳಿಸಿ, ಹಳೆ ಕಾರು ಬಿಡಿ" ಎಂದು ಕೂಗುವ ಗುಂಪು ನಾವಲ್ಲ. ಹಾಗೆ ಬಿಟ್ಟರೆ ಪರದೇಶದವರು ಬೇಡವೆಂದು ಬಿಸಾಡಿದ ಗುಜರಿ ನಮ್ಮ ರಸ್ತೆಗೆ ಬರುತ್ತದೆ. ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರು ತಯಾರಾಗುತ್ತಿದೆ, ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯಿದೆ, ಇಂಥ ಕಾರ್ಖಾನೆಗಳನ್ನು ನಂಬಿ ಎಷ್ಟೋ ಸಣ್ಣ ಬಿಡಿಭಾಗದ ಘಟಕಗಳಿವೆ. ಅಲ್ಲಿ ದುಡಿಯುವ ಹುಡುಗರ ಅನ್ನ ಮುಖ್ಯ. 2001ರ ಫೆಬ್ರವರಿಯಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದಾಗ ಒಂದು ಊರಿನ ಒಲೆ ಹೇಗೆ ಆರುತ್ತದೆ ಎಂದು ಕಣ್ಣಾರೆ ಕಂಡ ಜಿಲ್ಲೆ ನಮ್ಮದು. ಇನ್ನೊಂದು ಸಲ ಅದನ್ನು ನೋಡುವ ಶಕ್ತಿ ನಮಗಿಲ್ಲ.

ಪಕ್ಕದ ಶ್ರೀಲಂಕಾ ನೋಡಿ. ಜಪಾನಿನ ಹಳೆ ಕಾರುಗಳ ಮೇಲೆಯೇ ಓಡುತ್ತಿದ್ದ ದೇಶ. 2020ರಲ್ಲಿ ವಿದೇಶಿ ವಿನಿಮಯ ಉಳಿಸಲು ಕಾರಿನ ಆಮದನ್ನೇ ನಿಲ್ಲಿಸಿದರು. ಖಾಸಗಿ ಕಾರಿಗೆ ಮತ್ತೆ ಬಾಗಿಲು ತೆರೆದದ್ದು 2025ರಲ್ಲಿ. ನಡುವಿನ ಆ ವರ್ಷಗಳಲ್ಲಿ ಅಲ್ಲಿ ಹಳೆ ಕಾರಿನ ಬೆಲೆ ಆಕಾಶಕ್ಕೇರಿತು. ಪರರ ಗುಜರಿ ನಂಬಿದವನ ಪಾಡು ಅದು.

ಆದ್ದರಿಂದ ನಮ್ಮ ಬೇಡಿಕೆ ಬಾಗಿಲು ತೆಗೆಯಿರಿ ಎಂದಲ್ಲ. ಗೋಡೆಯನ್ನು ಗೋಡೆ ಎಂದೇ ಹೇಳಿರಿ ಎಂಬುದು. ನಿಷೇಧ ಮಾಡುವುದಾದರೆ ನಿಷೇಧ ಎಂದು ಬರೆಯಿರಿ. ಬಿಡುವುದಾದರೆ ಬಡವನಿಗೂ ಬಲ್ಲಿದನಿಗೂ ಒಂದೇ ನ್ಯಾಯದಲ್ಲಿ ಬಿಡಿರಿ. ಅರ್ಧಂಬರ್ಧ ಬಾಗಿಲು ತೆರೆದಿಟ್ಟು ಕಳ್ಳನಿಗೆ ಸಂದಿ, ದಲ್ಲಾಳಿಗೆ ಬೋರ್ಡು ಕೊಡುವ ನಾಟಕ ನಿಲ್ಲಿಸಿರಿ.

ನಮ್ಮ ಹಕ್ಕೊತ್ತಾಯ ಇಷ್ಟು:

ಒಂದು. ವಾಹನ ಆಮದಿನ ಷರತ್ತು, ಸುಂಕ, ಪರೀಕ್ಷೆಯ ನಿಯಮ ಎಲ್ಲವೂ ಕನ್ನಡದಲ್ಲಿ ಪ್ರಕಟವಾಗಬೇಕು. ರಾಜ್ಯದ ಪ್ರತಿ ಆರ್‌ಟಿಒ ಕಚೇರಿಯಲ್ಲಿ ತೂಗುಹಾಕಬೇಕು.

ಎರಡು. ಹೊರರಾಜ್ಯದ ನಂಬರಿನ ದುಬಾರಿ ಕಾರುಗಳ ಮೂಲ ದಾಖಲೆಯನ್ನು ರಾಜ್ಯ ಸಾರಿಗೆ ಇಲಾಖೆ ತನಿಖೆ ಮಾಡಬೇಕು. ಹಿಡಿಯುವುದು ಬೆಂಗಳೂರಿನ ಒಂದೆರಡು ಗಾಡಿಗೆ ನಿಲ್ಲಬಾರದು.

ಮೂರು. ರೈತನ ಹೆಸರಿನಲ್ಲಿ ಎತ್ತುವ ಸೆಸ್ಸಿನಲ್ಲಿ ರಾಜ್ಯಕ್ಕೆ ಪಾಲು ಬೇಕು. ನಮ್ಮ ಸಂಸದರು ಬಾಯಿ ಬಿಡಬೇಕು.

ನಾಲ್ಕು. ಮುಂಗಡ ತೆಗೆದುಕೊಂಡು ಮಾಯವಾಗುವ 'ಫಾರಿನ್ ಕಾರು' ದಲ್ಲಾಳಿಗಳ ಮೇಲೆ ಪೊಲೀಸರು ತಾವೇ ಮುಂದೆ ಬಂದು ಕೇಸು ಹಾಕಬೇಕು. ಮೋಸ ಹೋದ ಹುಡುಗ ನಾಚಿಕೆಯಿಂದ ಠಾಣೆ ಮೆಟ್ಟಿಲು ಹತ್ತುವುದಿಲ್ಲ ಎಂಬುದು ದಲ್ಲಾಳಿಗೆ ಚೆನ್ನಾಗಿ ಗೊತ್ತು.

ತರುಣರೇ, ಕೊನೆಯ ಮಾತು ನಿಮಗೆ. ಕಾರು ಬೇಕೇ? ಕೊಳ್ಳಿ. ಹಳೆಯದೇ ಬೇಕೇ? ನಮ್ಮ ರಾಜ್ಯದಲ್ಲೇ ನೋಂದಣಿಯಾದ, ಸ್ಪೇರು ಸಿಗುವ, ಮಾಲೀಕನ ಮನೆ ನೋಡಿ ಬರಬಹುದಾದ ಗಾಡಿ ಕೊಳ್ಳಿ. ಆರ್‌ಸಿಯನ್ನು ಸರ್ಕಾರದ ವಾಹನ್ ತಾಣದಲ್ಲಿ ತಾಳೆ ನೋಡಿ. ಸಾಲ ಬಾಕಿ ಇದೆಯೇ ಕೇಳಿ. ದೆಹಲಿ ಗಾಡಿ ಅಗ್ಗ ಎಂದು ತೋರಿಸಿದರೆ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಹರಿದು ಬಂದ ಗಾಡಿಗಳು ಎಷ್ಟೋ ಇವೆ ಎಂಬುದನ್ನು ನೆನಪಿಡಿ. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯಿದೆಯ 47ನೇ ಕಲಮಿನಂತೆ ಇಲ್ಲಿನ ನಂಬರು ಹಾಕಿಸಲೇಬೇಕು, ಇಲ್ಲಿನ ತೆರಿಗೆ ಕಟ್ಟಲೇಬೇಕು. ಆ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ.

'ಫಾರಿನ್ ಕಾರು, ಅರ್ಧ ರೇಟು' ಎಂದು ಯಾರಾದರೂ ಬಂದರೆ ವಾದ ಮಾಡಬೇಡಿ. ಕಾಗದ ಕೇಳಿ. ಕನ್ನಡದಲ್ಲಿ ಬರೆದುಕೊಡು, ಸಹಿ ಹಾಕು, ವಿಳಾಸ ಕೊಡು ಎಂದು ಕೇಳಿ. ಬರೆದುಕೊಡಲಾರದವನಿಗೆ ಬಿಡಿಗಾಸೂ ಕೊಡಬೇಡಿ. ಅಪ್ಪ ಟೊಮೇಟೊ ಬಾಕ್ಸು ಹೊತ್ತು, ಅಮ್ಮ ಡೇರಿಗೆ ಹಾಲು ಹಾಕಿ ಕೂಡಿಸಿದ ದುಡ್ಡು ಅದು. ಅದು ಮುಂಬಯಿ ಬಂದರಿನಲ್ಲಿ ಮುಳುಗಬಾರದು.